ಚಪಾತಿ ಹಿಟ್ಟಿನ ಶಕುನ

ಕಳೆದ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಕೆರೆ ಏರಿಯ ಕೆಳಗಿನ ಜಾಲಿ ಮರದ ನೆರಳಿನಲ್ಲಿ, ಸತ್ತ ಕುರಿಯೊಂದರ ಹೊಟ್ಟೆ ತೆರೆದು ಕುಕ್ಕರುಗಾಲಿನಲ್ಲಿ ಕುಳಿತಿದ್ದೆ. ನಾನು ಪಶುವೈದ್ಯೆ. ಕುರಿ ಸತ್ತರೆ ಪರಿಹಾರದ ಅರ್ಜಿಗೆ ಮರಣೋತ್ತರ ಪರೀಕ್ಷೆಯ ವರದಿ ಲಗತ್ತಿಸಬೇಕು, ಆ ವರದಿಗೆ ಸಹಿ ಹಾಕುವವಳು ನಾನು. ಮನೆಯಲ್ಲಿ ತರಕಾರಿ ಹೆಚ್ಚಿದ್ದಕ್ಕಿಂತ ಊರಿನಲ್ಲಿ ಕುರಿ ಕೊಯ್ದದ್ದೇ ಜಾಸ್ತಿ ಎಂದು ಬಂದ ನೆಂಟರೆದುರೆಲ್ಲ ಅಮ್ಮ ಹೇಳುತ್ತಾಳೆ. ಲೆಕ್ಕ ಸರಿಯಾಗಿಯೇ ಇದೆ.

ಲಿವರ್ ಹೊರತೆಗೆದು ಅಂಗೈ ಮೇಲಿಟ್ಟುಕೊಂಡೆ. ವರದಿಯಲ್ಲಿ ಯಕೃತ್ತು ಎಂದು ಬರೆಯುತ್ತೇನೆ, ಕುರಿಯ ಮುಂದೆ ಕುಳಿತಾಗ ಯಾರೂ ಹಾಗೆನ್ನುವುದಿಲ್ಲ. ಅಂಚು ಚೂಪಾಗಿರಬೇಕಿತ್ತು, ಮೊಂಡಾಗಿತ್ತು. ಮೇಲ್ಮೈ ನುಣುಪಾಗಿರಬೇಕಿತ್ತು, ಉದ್ದಕ್ಕೂ ಬಿಳಿಚಿದ ಗೀರುಗಳಿದ್ದವು. ಕೊಯ್ದು ಹೆಬ್ಬೆರಳಿನಿಂದ ಒತ್ತಿದಾಗ, ದಪ್ಪಗಾಗಿದ್ದ ಪಿತ್ತನಾಳದೊಳಗಿಂದ ಎಲೆಯಂತೆ ಚಪ್ಪಟೆಯಾದ ಹುಳುಗಳು ಒಂದೊಂದಾಗಿ ಜಾರಿ ಹೊರಬಂದವು. ಕೆರೆಯಂಚಿನ ಬಸವನಹುಳುವಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ. ಪ್ರತಿ ಮಳೆಗಾಲದ ಹಳೆಯ ಕಥೆ.

ಕುರಿಯ ಯಜಮಾನ ಎಪ್ಪತ್ತು ದಾಟಿದ ಅಜ್ಜ. ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡು, "ಒಳಗೆ ಏನು ಕಂಡಿತು ಡಾಕ್ಟರಮ್ಮ?" ಎಂದರು. ಹುಳುವನ್ನು ಚಾಕುವಿನ ತುದಿಯಲ್ಲೆತ್ತಿ ತೋರಿಸಿದೆ. ಅವರು ಅದರತ್ತ ಸರಿಯಾಗಿ ನೋಡಲೂ ಇಲ್ಲ. ನನ್ನ ಮುಖ ನೋಡುತ್ತಾ, "ಉಳಿದವು ಈ ದೀಪಾವಳಿವರೆಗೆ ಉಳಿಯುತ್ತವೆಯೋ ಇಲ್ಲವೋ, ಅಷ್ಟು ಹೇಳು ತಾಯಿ" ಎಂದರು.

ನನಗೆ ಮೈ ಜುಮ್ಮೆಂದಿತು. ಎರಡು ರಾತ್ರಿಗಳ ಹಿಂದಷ್ಟೇ ನನ್ನ ಊಟದ ಮೇಜಿನ ಸುತ್ತ ಕುಳಿತಿದ್ದ ನಾಲ್ವರು ಗೆಳೆಯರಿಗೆ ನಾನೊಂದು ಆಟದ ನಿಯಮ ಓದಿ ಹೇಳಿದ್ದೆ: ಕುರಿಯ ಲಿವರಿಗೆ ಕೇಳುವ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರವಿರಬೇಕು, ಮತ್ತು ಪ್ರಶ್ನೆಯಲ್ಲಿ ಗಡುವು ಇರಬೇಕು. ಅಜ್ಜ ನನ್ನ ನಿಯಮ ಓದಿರಲಿಲ್ಲ. ಅವರ ಪ್ರಶ್ನೆ ಮಾತ್ರ ಆ ನಿಯಮಕ್ಕೆ ಹೊಲಿದಂತಿತ್ತು.

ಈಗ ಆ ಮೇಜಿನ ವಿಷಯ. ನಾವು ಹೆಬ್ಬಾಳದ ಕಾಲೇಜಿನ ದಿನಗಳ ಮೂವರು, ಅವರಲ್ಲೊಬ್ಬನ ಹೆಂಡತಿ, ಅವಳ ಬ್ಯಾಂಕಿನ ಸಹೋದ್ಯೋಗಿ. 2020ರ ಲಾಕ್‌ಡೌನ್‌ನಲ್ಲಿ ವಿಡಿಯೊ ಕರೆಯ ಮೇಲೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಶುರು ಮಾಡಿದೆವು, ಇನ್ನೂ ಬಿಟ್ಟಿಲ್ಲ. ಈಗ ತಿಂಗಳಿಗೊಂದು ಶನಿವಾರ ನನ್ನ ಮನೆಯಲ್ಲಿ. ಗೊತ್ತಿಲ್ಲದವರಿಗೆ: ಒಬ್ಬರು ಲೋಕ ಕಟ್ಟಿ ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ, ಏನಾಗುತ್ತದೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ತಾಳಮದ್ದಳೆ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ವೇಷವಿಲ್ಲ, ಮಾತೇ ಎಲ್ಲ, ಅರ್ಥ ಆಯಾ ಕ್ಷಣದ್ದು. ಭಾಗವತರ ಜಾಗದಲ್ಲಿ ನಾನು. ಗೆಳೆಯರ ಹೆಸರು ಇಲ್ಲಿ ಬೇಡ, ಅವರ ಪಾತ್ರಗಳಿಂದಲೇ ಕರೆಯುತ್ತೇನೆ: ಪುರೋಹಿತೆ, ಕಳ್ಳ, ಮಂತ್ರವಾದಿ, ಯೋಧ. ಫೋನಿನಲ್ಲೂ ಅವರ ನಂಬರುಗಳು ಹೀಗೆಯೇ ಇವೆ.

ಈ ಆಟದಲ್ಲಿ ಭವಿಷ್ಯ ಕೇಳುವ ಮಂತ್ರಗಳು ಮೊದಲಿನಿಂದಲೂ ಇವೆ. ಅವುಗಳ ಬಗ್ಗೆ ನನಗೊಂದು ವೃತ್ತಿಪರ ತಕರಾರಿದೆ. 1978ರ ಆಟಗಾರರ ಕೈಪಿಡಿಯಲ್ಲಿ, ದೇವರನ್ನು ಪ್ರಶ್ನೆ ಕೇಳುವ ದೊಡ್ಡ ಮಂತ್ರಕ್ಕೆ ಬೇಕಾದ ಸಾಮಗ್ರಿ ಎಂದು ಮೂರು ವಸ್ತುಗಳನ್ನು ಬರೆದಿದೆ: ಬಲಿಯ ಪ್ರಾಣಿ, ಧೂಪ, ಪುರೋಹಿತರ ಪವಿತ್ರ ಚಿಹ್ನೆ. ಅಷ್ಟು ಕೊಟ್ಟರೂ ಉತ್ತರ ಸರಿಯಾಗಿರುವ ಸಾಧ್ಯತೆ ಶೇ 60, ಅದರ ಮೇಲೆ ಪುರೋಹಿತರ ಅನುಭವ ಏರಿದ ಪ್ರತಿ ಹಂತಕ್ಕೂ ಶೇ 1. ಅದೇ ಮಂತ್ರ 2014ರ ಆವೃತ್ತಿಗೆ ಬರುವಷ್ಟರಲ್ಲಿ ಪ್ರಾಣಿ ಮಾಯವಾಗಿದೆ. ಧೂಪ ಮತ್ತು ನಿಮ್ಮ ಧರ್ಮಕ್ಕೆ ಒಪ್ಪುವ ಅರ್ಪಣೆ, ಎರಡೂ ಸೇರಿ 25 ಚಿನ್ನದ ನಾಣ್ಯದ್ದಾದರೆ ಸಾಕು. ಉತ್ತರವೂ ಈಗ ಖಾತರಿ, ಸೂತ್ರಧಾರಿ ಸತ್ಯವನ್ನೇ ಹೇಳಬೇಕು. ಅದೇ ಪುಸ್ತಕದ ಬೆಲೆಪಟ್ಟಿಯಲ್ಲಿ ಮೇಕೆಗೆ ಒಂದು ಚಿನ್ನದ ನಾಣ್ಯ, ಕುರಿಗೆ ಎರಡು, ಕೋಳಿಗೆ ಎರಡು ತಾಮ್ರದ ಕಾಸು. ಧೂಪವನ್ನು ಬದಿಗಿಟ್ಟರೆ 25 ನಾಣ್ಯಕ್ಕೆ ಹನ್ನೆರಡು ಕುರಿ ಬಂದು ಒಂದು ನಾಣ್ಯ ಮಿಗುತ್ತದೆ. ಆದರೆ ಯಾವ ಆಟದಲ್ಲೂ ಯಾರೂ ಹನ್ನೆರಡು ಕುರಿ ಹೊಡೆದುಕೊಂಡು ಬರುವುದನ್ನು ನಾನು ಕಂಡಿಲ್ಲ. "ಇಪ್ಪತ್ತೈದು ಕಳೆಯಿತು" ಎಂದು ಕಾಗದದ ಮೇಲೆ ಗೀಚುತ್ತಾರೆ, ಮುಗಿಯಿತು. ನಮ್ಮ ಕಡೆ ಹರಕೆಯ ಕುರಿಯ ಬದಲಿಗೆ ಹುಂಡಿಗೆ ನೋಟು ಹಾಕಿ ಬಂದ ಹಾಗೆ.

ಇನ್ನೊಂದು ಚಿಕ್ಕ ಶಕುನ ಮಂತ್ರವಿದೆ. ಮುಂದಿನ ಮೂವತ್ತು ನಿಮಿಷದಲ್ಲಿ ಮಾಡಲಿರುವ ಕೆಲಸದ ಬಗ್ಗೆ ಕೇಳಿದರೆ ನಾಲ್ಕರಲ್ಲಿ ಒಂದು ಉತ್ತರ: ಶುಭ, ಅಶುಭ, ಎರಡೂ, ಎರಡೂ ಅಲ್ಲ. ಸರಿಯಾಗಿ ನಿದ್ದೆ ಮಾಡದೆ ಮತ್ತೆ ಕೇಳಿದರೆ ಪ್ರತಿ ಸಲಕ್ಕೂ ಶೇ 25ರಂತೆ ಉತ್ತರ ಕೆಡುವ ಅಪಾಯ ಏರುತ್ತದೆ. ಇದು ಜಾಣ ನಿಯಮ. ಕೇಳಿದ್ದನ್ನೇ ಕೇಳುವ ಮನುಷ್ಯನ ಚಾಳಿಯನ್ನು ಬಲ್ಲವರು ಬರೆದದ್ದು. ಆದರೂ ಉತ್ತರ ಬರುವುದು ಸೂತ್ರಧಾರಿಯ ಬಾಯಿಂದ. ನಾನು "ಅಶುಭ" ಎಂದರೆ ನಾಲ್ವರೂ ತಲೆಯಾಡಿಸಿ ಬೇರೆ ದಾರಿ ಹಿಡಿಯುತ್ತಾರೆ. ಒಂದು ಲಿವರಿನ ಸುತ್ತ ಇಬ್ಬರು ಪಶುವೈದ್ಯರನ್ನು ಕೂರಿಸಿ ನೋಡಿ, ಮೂರು ಅಭಿಪ್ರಾಯ ಬರುತ್ತವೆ. ಆ ಜಗಳವಿಲ್ಲದೆ, ಬಲಿಯ ಪ್ರಾಣಿಯ ಒಳಗನ್ನು ನೋಡಿ ಹೇಳುವ ಕರುಳಿನ ಶಕುನವೆಲ್ಲಿ ಬಂತು?

ಹೀಗಾಗಿ ಲಿವರನ್ನು ನಿಜವಾಗಿಯೂ ಓದುತ್ತಿದ್ದವರ ಕಡೆಗೆ ಹೋದೆ.

ಬ್ರಿಟಿಷ್ ಮ್ಯೂಸಿಯಂನಲ್ಲಿ ಮಣ್ಣಿನ ಲಿವರ್ ಒಂದಿದೆ. ಈಗಿನ ಇರಾಕಿನಲ್ಲಿದ್ದ ಬ್ಯಾಬಿಲೋನಿಯಾದ್ದು, ಕ್ರಿಸ್ತಪೂರ್ವ 1900ರಿಂದ 1600ರ ನಡುವಿನದು. ಮೇಲ್ಮೈಯಲ್ಲಿ ಸುಮಾರು 55 ಮನೆಗಳನ್ನು ಗೆರೆ ಎಳೆದು ವಿಂಗಡಿಸಿದ್ದಾರೆ, ಯಾವ ಮನೆಯಲ್ಲಿ ಯಾವ ಗುರುತಿದ್ದರೆ ಏನರ್ಥ ಎಂದು ಮೊಳೆಯಾಕಾರದ ಲಿಪಿಯಲ್ಲಿ ಬರೆದಿದ್ದಾರೆ. ಇಟಲಿಯ ಪಿಯಾಚೆಂಜಾ ಊರಿನ ಹತ್ತಿರ 1877ರಲ್ಲಿ ಹೊಲದಲ್ಲಿ ಸಿಕ್ಕಿದ ಇನ್ನೊಂದು ಕಂಚಿನದು, ರೋಮನ್ನರಿಗಿಂತ ಮೊದಲು ಇಟಲಿಯಲ್ಲಿ ಮೆರೆದ ಎಟ್ರುಸ್ಕನ್ನರದು. ಉದ್ದ 12.6 ಸೆಂಟಿಮೀಟರ್, ಅಂಚಿನಲ್ಲಿ ಆಕಾಶದ 16 ಭಾಗಗಳಂತೆ 16 ಮನೆಗಳು, ಮನೆಮನೆಗೂ ದೇವರ ಹೆಸರು. ಅದರ ಫೋಟೊವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದಾಗ ನಗು ಬಂತು. ನಯವಾದ ತಟ್ಟೆಯ ಮೇಲೆ ಮೂರು ಉಬ್ಬುಗಳು: ಒಂದು ಪಿತ್ತಕೋಶ, ಒಂದು ಗೋಪುರದಂತೆ ನಿಂತ, ಬಾಲದ ಹಾಲೆ ಎಂಬ ಲಿವರಿನ ಭಾಗದ ತುದಿ, ಇನ್ನೊಂದು ಅದರ ಪಕ್ಕದ ಚಿಕ್ಕ ಗುಬಟು. ಎರಡು ಸಾವಿರ ವರ್ಷಗಳ ಹಿಂದಿನ ಕಮ್ಮಾರ ನನ್ನ ಎರಡನೇ ವರ್ಷದ ಅಂಗರಚನಾಶಾಸ್ತ್ರದ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತಿದ್ದ. ನಾನು ಆ ಪತ್ರಿಕೆಯಲ್ಲಿ ಪಡೆದ ಅಂಕ ಇಲ್ಲಿ ಅಪ್ರಸ್ತುತ.

ಬ್ಯಾಬಿಲೋನಿಯಾದವರು ಈ ಕೆಲಸದವನನ್ನು ಬಾರೂ ಎನ್ನುತ್ತಿದ್ದರು. ಹಾಗೆಂದರೆ ನೋಡುವವನು, ಪರೀಕ್ಷಿಸುವವನು. ಲಿವರಿನ ಒಂದೊಂದು ಜಾಗಕ್ಕೂ ಹೆಸರಿತ್ತು. ಮಂಜಾಜು ಎಂದರೆ ದೇವರು ನಿಂತ ಜಾಗ. ಪದಾನು ಎಂದರೆ ದಾರಿ. (ಇದನ್ನು ಸಂಸ್ಕೃತದ ಪದದೊಂದಿಗೆ ಗಂಟುಹಾಕಿ ನನಗೆ ವಾಟ್ಸಾಪ್ ಮಾಡಬೇಡಿ.) ಬಾಬ್ ಎಕಲ್ಲಿ ಎಂದರೆ ಅರಮನೆಯ ಬಾಗಿಲು, ಉಬಾನು ಎಂದರೆ ಬೆರಳು, ಮಾರ್ತು ಎಂದರೆ ಪಿತ್ತಕೋಶ. ಬಲಗಡೆ ನಮ್ಮದು, ಎಡಗಡೆ ಶತ್ರುವಿನದು. ಬಲಕ್ಕೆ ಒಳ್ಳೆಯ ಗುರುತು ಬಿದ್ದರೆ ನಮಗೆ ಒಳ್ಳೆಯದು. ಎಡಕ್ಕೆ ಕೆಟ್ಟ ಗುರುತು ಬಿದ್ದರೆ ಕೇಡು ಶತ್ರುವಿಗೆ, ಅಂದರೆ ಅದೂ ನಮಗೆ ಒಳ್ಳೆಯದು. ಋಣವನ್ನು ಋಣದಿಂದ ಗುಣಿಸಿದ ಲೆಕ್ಕ.

ಬಲ ಎಡದ ಈ ಲೆಕ್ಕ ಓದಿದಾಗ ನೆನಪಾದದ್ದು ಅಮ್ಮ. ನಮ್ಮೂರ ಗುಡಿಯಲ್ಲಿ ಪ್ರಸಾದ ಕೇಳುವ ಪದ್ಧತಿ ಇಂದಿಗೂ ಇದೆ. ದೇವರ ಮೈಮೇಲೆ ಒದ್ದೆ ಹೂವನ್ನು ಅಂಟಿಸಿ, ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೂರಬೇಕು. ಬಲಗಡೆಯ ಹೂ ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ನನ್ನ ಮದುವೆಯ ಮಾತು ಬಂದಾಗ ಅಮ್ಮ ಹೋಗಿ ಕುಳಿತಳು. ಎಡಗಡೆಯದು ಬಿತ್ತು. ಮುಂದಿನ ಸೋಮವಾರ ಮತ್ತೆ ಹೋದಳು. "ಅವತ್ತು ಬರುವ ದಾರಿಯಲ್ಲಿ ಯಾರೋ ಸೀನಿದ್ದರು, ದೀಪದಲ್ಲಿ ಎಣ್ಣೆಯೂ ಕಡಿಮೆ ಇತ್ತು, ಅದು ಲೆಕ್ಕಕ್ಕಿಲ್ಲ" ಎಂದಳು. ಎರಡನೇ ಸಲ ಬಲಗಡೆಯದು ಬಿತ್ತು. ಹುಡುಗ ಅಮ್ಮನಿಗೆ ಮೊದಲೇ ಒಪ್ಪಿಗೆಯಾಗಿದ್ದ.

ಇದನ್ನು ಅಮ್ಮನ ಜಾಣತನ ಎಂದುಕೊಂಡಿದ್ದೆ. ಅಸ್ಸಿರಿಯಾದ ದೊರೆ ಎಸರ್ಹದ್ದೋನ್ ಸೂರ್ಯದೇವ ಶಮಾಶನಿಗೆ ಕೇಳಿಸಿದ ಪ್ರಶ್ನೆಗಳು ಮಣ್ಣಿನ ಹಲಗೆಗಳ ಮೇಲೆ ಉಳಿದಿವೆ, ಕ್ರಿಸ್ತಪೂರ್ವ ಏಳನೆಯ ಶತಮಾನದವು. ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಗಡುವು ಹಾಕಿ, ಶತ್ರು ಈ ಕೋಟೆಯನ್ನು ಹಿಡಿಯುತ್ತಾನೆಯೇ ಇಲ್ಲವೇ ಎಂದು ಕೇಳಿದ ಮೇಲೆ ಒಂದು ಉದ್ದನೆಯ ಪಟ್ಟಿ ಬರುತ್ತದೆ. ಕುರಿಯಲ್ಲಿ ಊನವಿದ್ದರೆ ಲೆಕ್ಕಕ್ಕಿಡಬೇಡ. ಕುರಿಯ ಹಣೆ ಮುಟ್ಟಿದವನು ಮಾಸಿದ ಬಟ್ಟೆ ಉಟ್ಟಿದ್ದರೆ ಲೆಕ್ಕಕ್ಕಿಡಬೇಡ. ಪ್ರಶ್ನೆ ಹೇಳುವಾಗ ನನ್ನ ನಾಲಗೆ ತೊದಲಿದ್ದರೆ ಲೆಕ್ಕಕ್ಕಿಡಬೇಡ. ದೊರೆಯ ಪರವಾಗಿ, ದೇವರ ಎದುರು, ಸಾಲುಸಾಲಾಗಿ ಷರತ್ತು. ಪರಿಹಾರದ ಅರ್ಜಿ ನಮೂನೆಯ ಹಿಂಬದಿಯಲ್ಲಿರುವ ಸಣ್ಣ ಅಕ್ಷರಗಳನ್ನು ಬಲ್ಲ ಸರ್ಕಾರಿ ನೌಕರಳಾಗಿ ಹೇಳುತ್ತೇನೆ, ಇದು ಕಚೇರಿ ಕೆಲಸ. ಮಂತ್ರವಾದಿಯ ಗುಹೆಯಲ್ಲಿ ಹೊಗೆ ಹಾಕಿ ಮಾಡಿದ್ದಲ್ಲ.

ಗ್ರೀಕರಲ್ಲಿ ಅದು ಯುದ್ಧದ ಕೆಲಸವೂ ಆಗಿತ್ತು. ಕ್ರಿಸ್ತಪೂರ್ವ 479ರಲ್ಲಿ ಪ್ಲಟೇಯದ ಬಯಲಿನಲ್ಲಿ ಪರ್ಷಿಯನ್ನರ ಬಾಣಗಳು ಮಳೆಯಂತೆ ಬೀಳುತ್ತಿದ್ದಾಗ ಸ್ಪಾರ್ಟಾದವರು ಗುರಾಣಿಯ ಹಿಂದೆ ಕುಳಿತೇ ಇದ್ದರು, ಏಕೆಂದರೆ ಬಲಿಯ ಗುರುತುಗಳು ಒಪ್ಪಿಗೆ ಕೊಟ್ಟಿರಲಿಲ್ಲ. ಕುಳಿತಲ್ಲೇ ಜನ ಸತ್ತರು. ಸೇನಾಪತಿ ಪೌಸಾನಿಯಸ್ ಒಂದಾದ ಮೇಲೊಂದು ಪ್ರಾಣಿ ಕಡಿಸುತ್ತಲೇ ಇದ್ದ. ಗುರುತು ಕೂಡಿಬಂದ ಕ್ಷಣ ಎದ್ದು ನುಗ್ಗಿದರು, ಗೆದ್ದರು. ಗ್ರೀಕ್ ಸೇನಾನಿಯೂ ಲೇಖಕನೂ ಆಗಿದ್ದ ಕ್ಸೆನೊಫೋನ್ ಬರೆದದ್ದು ನನಗೆ ಇನ್ನೂ ಇಷ್ಟ. ಕ್ರಿಸ್ತಪೂರ್ವ 400ರಲ್ಲಿ ಕಪ್ಪು ಸಮುದ್ರದ ದಡದ ಕಾಲ್ಪೆ ಎಂಬಲ್ಲಿ ಅವನ ಸೈನ್ಯಕ್ಕೆ ದವಸ ಮುಗಿದಿತ್ತು. ಹೊರಡಲು ಶಕುನ ಕೇಳಿದರೆ ಆಗದು ಎಂದು ಬಂತು. ಮತ್ತೆ ಕೇಳಿದರು, ಆಗದು. ದಿನಗಳು ಹೀಗೇ ಕಳೆದು ಕುರಿಗಳೂ ಮುಗಿದವು, ಬಂಡಿಯ ಎತ್ತುಗಳನ್ನು ಕೊಂಡು ಬಲಿ ಕೊಟ್ಟರು. ಹಸಿವು ತಾಳದ ನಾಯಕನೊಬ್ಬ ಸುಮಾರು ಎರಡು ಸಾವಿರ ಜನರನ್ನು ಕರೆದುಕೊಂಡು ಶಕುನ ಮೀರಿ ಹೊರಟ, ಐನೂರಕ್ಕೆ ಕಡಿಮೆಯಿಲ್ಲದಂತೆ ಜನ ಸತ್ತರು. ಇಲ್ಲಿ ಆಟ ಇದೆ ಅನ್ನಿಸಿತು ನನಗೆ. ಮಂತ್ರದ ಹೊಳಪಿನಲ್ಲಿ ಇಲ್ಲ, ಎತ್ತನ್ನು ಬಂಡಿಯಿಂದ ಬಿಚ್ಚಿಕೊಂಡು ಬರುವ ಆ ಗಳಿಗೆಯಲ್ಲಿ ಇದೆ.

ಅಜ್ಜನಿಗೆ ನಾನು ಹೇಳಿದ ಉತ್ತರವೂ ಹಳೆಯದೇ. ರೋಮಿನ ಕಟ್ಟಡಶಿಲ್ಪಿ ವಿಟ್ರೂವಿಯಸ್, ಹಿಂದಿನವರು ಊರು ಕಟ್ಟುವ ಮೊದಲು ಆ ಜಾಗದಲ್ಲಿ ಮೇಯ್ದ ಕುರಿಗಳನ್ನು ಕೊಯ್ದು ಲಿವರ್ ನೋಡುತ್ತಿದ್ದರು ಎನ್ನುತ್ತಾನೆ. ಕೆಟ್ಟಿದ್ದರೆ ಇನ್ನೂ ಕೆಲವನ್ನು ಕೊಯ್ದು ನೋಡುವರು, ಎಲ್ಲದರಲ್ಲೂ ಕೆಟ್ಟಿದ್ದರೆ ನೀರು ಮೇವು ಸರಿಯಿಲ್ಲವೆಂದು ಬೇರೆ ಜಾಗ ಹುಡುಕುವರು. ನಾನು ಅಜ್ಜನಿಗೆ, "ಕೆರೆಯ ಅಂಚಿಗೆ ಬಿಡಬೇಡಿ, ಮೇಲಿನ ಗುಡ್ಡದಲ್ಲಿ ಮೇಯಿಸಿ, ಎಲ್ಲಕ್ಕೂ ಜಂತಿನ ಔಷಧಿ ಕುಡಿಸೋಣ, ಆಗ ಉಳಿಯುತ್ತವೆ" ಎಂದೆ. "ಆಗ" ಎಂದು ಸೇರಿಸಿದ್ದು ನನ್ನ ಷರತ್ತು.

ಇನ್ನು ಆಟದ ನಿಯಮ. ಶನಿವಾರ ಸಂಜೆ ಗೋಧಿ ಹಿಟ್ಟು ಕಲಸಿ, ಚಿಟಿಕೆ ಉಪ್ಪು ಹಾಕಿ, ನಾಲ್ಕು ಲಿವರ್ ಮಾಡಿದೆ. ಅಂಗೈ ಅಗಲ, ಬಾಲದ ಹಾಲೆ ಸಹಿತ. ಪಿತ್ತಕೋಶದ ಜಾಗಕ್ಕೆ ಒಂದೊಂದು ಹಸಿರು ದ್ರಾಕ್ಷಿ. ಐದು ಹೆಸರಿನ ಐದು ಜಾಗ, ಪ್ರತಿ ಜಾಗದಲ್ಲೂ ಬಲ ಎಡ. ಬೆಂಕಿಕಡ್ಡಿಯಿಂದ ಎಳೆದ ಗೀರು ಕೆಟ್ಟದ್ದು, ಬೆರಳಿನಿಂದ ಒತ್ತಿದ ನುಣುಪು ಒಳ್ಳೆಯದು. ಪ್ರಶ್ನೆಯನ್ನು ಬೆಳಿಗ್ಗೆಯೇ ವಾಟ್ಸಾಪ್‌ನಲ್ಲಿ ಕಳುಹಿಸಿರಬೇಕು. ಕಥೆಯ ನಿಜವಾದ ಉತ್ತರ ನನಗೊಬ್ಬಳಿಗೆ ಗೊತ್ತು. ಒಂದೊಂದು ಜಾಗಕ್ಕೂ ನಾನು ಗುಟ್ಟಾಗಿ ಆರು ಮುಖದ ದಾಳ ಹಾಕುತ್ತೇನೆ, ಒಂದರಿಂದ ನಾಲ್ಕು ಬಂದರೆ ಗುರುತು ಸತ್ಯದ ಪರ, ಐದು ಆರು ಬಂದರೆ ವಿರುದ್ಧ. ಹೀಗೆ ಐದರಲ್ಲಿ ಕನಿಷ್ಠ ಮೂರು ಗುರುತು ಸತ್ಯ ಹೇಳುವ ಸಾಧ್ಯತೆ ಶೇ 79. ನಂಬದಿರಲು ಆಗದಷ್ಟು ಹೆಚ್ಚು, ನಂಬಿ ಮಲಗಲು ಆಗದಷ್ಟು ಕಡಿಮೆ. ಆಮೇಲೆ ಲಿವರನ್ನು ತಟ್ಟೆಯಲ್ಲಿಟ್ಟು ಅವರ ಮುಂದೆ ತಳ್ಳುತ್ತೇನೆ, ಬಾಯಿ ಬಿಡುವುದಿಲ್ಲ.

ಕಡಿಯುವ ಮೊದಲಿನ ನಿಯಮ ಎರಡು. ಪ್ರಾಣಿ ಎಂಥದ್ದು, ಯಾವ ಬಣ್ಣ, ಯಾರ ಮಂದೆಯದು, ಎಷ್ಟು ಹಲ್ಲಿನದು ಎಂದು ಆಟಗಾರರೇ ಬಾಯಿಬಿಟ್ಟು ವರ್ಣಿಸಬೇಕು. ಬಳಿಕ ನೀರು ಚಿಮುಕಿಸಬೇಕು, ಪ್ರಾಣಿ ಮೈ ಜಾಡಿಸಬೇಕು. ಮಾರಿಹಬ್ಬ ಕಂಡವರಿಗೆ ಇದು ಗೊತ್ತು: ಮೈ ಜಾಡಿಸಿದರೆ ಒಪ್ಪಿತು ಎಂದರ್ಥ, ಜಾಡಿಸುವವರೆಗೆ ಜನ ಉಸಿರು ಹಿಡಿದು ನಿಂತಿರುತ್ತಾರೆ. ಗ್ರೀಕರೂ ನೀರು ಚಿಮುಕಿಸುತ್ತಿದ್ದರು, ತಲೆಯಾಡಿಸಲೆಂದು. ನಮ್ಮ ರಾಜ್ಯದಲ್ಲಿ ಪ್ರಾಣಿಬಲಿ ತಡೆಗೆ 1959ರಿಂದಲೂ ಕಾಯ್ದೆ ಇದೆ. ಅದು ನನ್ನ ಊಟದ ಮೇಜಿಗೆ ಅನ್ವಯಿಸುವುದಿಲ್ಲ ಎಂದು ನಂಬಿದ್ದೇನೆ. ಆಟದಲ್ಲಿ ಆ ಒಪ್ಪಿಗೆಗೂ ದಾಳವಿದೆ, ಅದನ್ನು ಪ್ರಾಣಿಯನ್ನು ಸಾಕಿದವರೇ ಎಸೆಯಬೇಕು.

ಅವತ್ತಿನ ಪ್ರಶ್ನೆ: "ನಾಳೆ ಸೂರ್ಯ ಹುಟ್ಟುವ ಮೊದಲು ನದಿ ದಾಟಿದರೆ ನಾವು ನಾಲ್ವರೂ ಜೀವಂತ ಆಚೆ ದಡ ಸೇರುತ್ತೇವೆಯೇ?"

ಮೊದಲ ಕುರಿ ಕಪ್ಪು, ಎರಡು ಹಲ್ಲಿನದು, ಸಂತೆಯಲ್ಲಿ ಕೊಂಡದ್ದು. ಪುರೋಹಿತೆ ತಟ್ಟೆಯನ್ನು ಬೆಳಕಿಗೆ ಹಿಡಿದು ಓದಿದಳು. ದಾರಿ ಬಲಗಡೆ ಗೀರು, ಅರಮನೆ ಬಾಗಿಲು ಎಡಗಡೆ ಗೀರು, ಹೀಗೆ. ಮೂರಕ್ಕೆ ಎರಡು, ಇಲ್ಲ ಎಂದು ಬಂತು. ಕಳ್ಳ ಒಪ್ಪಲಿಲ್ಲ. "ಪುರೋಹಿತೆ ಬೆಳಿಗ್ಗೆ ಒಣಮೀನು ತಿಂದಿದ್ದಳು, ಲೆಕ್ಕಕ್ಕಿಡಬೇಡ" ಎಂದ. ಷರತ್ತಿನ ಪಟ್ಟಿಯನ್ನು ನಾನೇ ಅವರಿಗೆ ಓದಿಸಿದ್ದೆ, ಅನುಭವಿಸಬೇಕಾಯಿತು. ಎರಡನೇ ಕುರಿ ಬಿಳಿಯದು. ಮೂರಕ್ಕೆ ಎರಡು, ಹೌದು. ಬೆರಳಿನ ಮೇಲಿದ್ದದ್ದು ಗೀರೋ ಅಥವಾ ಪುರೋಹಿತೆಯ ಉಗುರು ತಾಗಿದ್ದೋ ಎಂದು ಯೋಧ ತಕರಾರೆತ್ತಿದ. ಇಬ್ಬರು ಪಶುವೈದ್ಯರು, ಒಬ್ಬ ಬ್ಯಾಂಕಿನವನು, ಒಬ್ಬಳು ಬ್ಯಾಂಕಿನವಳು, ಚಪಾತಿ ಹಿಟ್ಟಿನ ಮೇಲೆ ಟಾರ್ಚ್ ಬಿಟ್ಟುಕೊಂಡು ಇಪ್ಪತ್ತು ನಿಮಿಷ ಜಗಳವಾಡಿದರು. ನನಗೆ ಸ್ವರ್ಗಸುಖ.

ಮೂರನೆಯದು ಬೇಕಿತ್ತು. ಕುರಿ ಇರಲಿಲ್ಲ, ನಾಣ್ಯವೂ ಮುಗಿದಿತ್ತು. ಇದ್ದದ್ದು ಒಂದು ಮೇಕೆಮರಿ.

ಆ ಮರಿಯನ್ನು ನಾನು ಈ ಕಥೆ ಶುರುವಾದ ಎರಡನೇ ಶನಿವಾರದ ಆಟದಲ್ಲಿ ಸುಮ್ಮನೆ ಒಳಗೆ ಬಿಟ್ಟಿದ್ದೆ. ಒಂದು ಕಿವಿ ಬಿಳಿ, ಉಳಿದಂತೆ ಕಂದು. ಅಂದಿನಿಂದ ಕಳ್ಳ ಪ್ರತಿ ಆಟದ ಶುರುವಿನಲ್ಲಿ, ಮರೆಯದೆ, "ನನ್ನ ರೊಟ್ಟಿಯಲ್ಲಿ ಅರ್ಧ ಮರಿಗೆ" ಎನ್ನುತ್ತಾನೆ. ಎರಡು ವರ್ಷದಿಂದ ಹೀಗೆ. ಕಥೆಯಲ್ಲಿ ಇನ್ನೂ ಮರಿಯಾಗಿಯೇ ಇದೆ, ಪಶುವೈದ್ಯಳಾದ ನನಗೂ ಅದನ್ನು ಬೆಳೆಸಲು ಮನಸ್ಸು ಬಂದಿಲ್ಲ.

"ಮೇಕೆ ನಡೆಯುತ್ತದೆಯೇ?" ಪುರೋಹಿತೆ ಕೇಳಿದಳು. ಯಾರನ್ನೂ ನೋಡದೆ ಕೇಳಿದಳು.

ನಡೆಯುತ್ತದೆ ಎಂದೆ. ಒಪ್ಪಿಗೆಯ ದಾಳವನ್ನು ಕಳ್ಳನ ಮುಂದೆ ಇಟ್ಟೆ. ಅವನು ಅದನ್ನು ಮುಟ್ಟಲಿಲ್ಲ. ಕೈಯೆರಡನ್ನೂ ಮೇಜಿನ ಕೆಳಗೆ ಇಟ್ಟುಕೊಂಡ. ಫ್ಯಾನಿನ 'ಕಿರ್' ಸದ್ದು ಮಾತ್ರ ಇತ್ತು. 25 ನಾಣ್ಯ ಕಳೆದು ಮುಂದೆ ಹೋಗುತ್ತಿದ್ದ ದಿನಗಳಲ್ಲಿ ಈ ಸದ್ದು ನಮಗೆ ಎಂದೂ ಕೇಳಿಸಿರಲಿಲ್ಲ.

ಆಗ ಮಂತ್ರವಾದಿ, "ಹಿಟ್ಟಿನಲ್ಲಿ ಒಂದು ಮೇಕೆ ಮಾಡಿ ಅದನ್ನು ಕಡಿಯೋಣ. ದೇವರಿಗೆ ಭಾವ ಮುಖ್ಯ" ಎಂದ. ಅವನ ಮನೆಯವರು ಜೈನರು. ನಾನು ಅವನ ಮುಖ ನೋಡಿ, "ಜನ್ನನನ್ನು ಓದಿದ್ದೀಯಾ?" ಎಂದೆ. ಹೆಸರು ಕೇಳಿದ ನೆನಪು ಎಂದ. ನಾನು ಮುಂದೆ ಹೇಳಲಿಲ್ಲ. ಭಾಗವತರು ಪ್ರಸಂಗದ ತುದಿಯನ್ನು ಮೊದಲೇ ಹೇಳುವುದುಂಟೇ?

ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ಇದೇ ಸಂಕಟವಿದೆ. ಕೆಟ್ಟ ಕನಸಿನ ಮಾತು ಕೇಳಿದ ತಾಯಿ ಚಂದ್ರಮತಿ, ಮಗನ ಶಾಂತಿಗಾಗಿ ಪ್ರಾಣಿಬಲಿ ಕೊಡು ಎನ್ನುತ್ತಾಳೆ. ಯಶೋಧರ ಹಿಂಸೆಗೆ ಒಪ್ಪುವುದಿಲ್ಲ. ಕೊನೆಗೆ ಇಬ್ಬರಿಗೂ ಸರಿಹೊಂದುವ ದಾರಿ, ಹಿಟ್ಟಿನ ಕೋಳಿ. ಕತ್ತಿ ಬೀಳುತ್ತದೆ, ಹಿಟ್ಟಿನ ಕೋಳಿ ಕೂಗುತ್ತದೆ. ಕೊಲ್ಲುವ ಸಂಕಲ್ಪ ಮಾಡಿದ್ದಕ್ಕೆ ತಾಯಿ ಮಗ ಇಬ್ಬರೂ ನಾಯಿ, ನವಿಲು ಎಂದು ಶುರುವಾಗಿ ಜನ್ಮಜನ್ಮ ತಿರುಗುತ್ತಾರೆ. ಬದಲಿ ಬಲಿಯ ಬಗ್ಗೆ ಇದಕ್ಕಿಂತ ನಿಷ್ಠುರವಾದ ನಿಯಮವನ್ನು ಯಾವ ಆಟದ ಕೈಪಿಡಿಯಲ್ಲೂ ನಾನು ಓದಿಲ್ಲ.

ನಾಲ್ಕನೇ ಲಿವರನ್ನು ಮುದ್ದೆ ಮಾಡಿ ಅವರು ಮೇಕೆ ತಿದ್ದತೊಡಗಿದರು. ಕಾಲು ನಿಲ್ಲಲಿಲ್ಲ, ಮಲಗಿಸಿದರು. ಕೊಂಬಿಗೆ ಎರಡು ಲವಂಗ. ಕಳ್ಳನೇ ಎದ್ದು ಅಡುಗೆಮನೆಗೆ ಹೋಗಿ, ಬೆರಳಿಗೆ ಒಣ ಮೈದಾ ಮೆತ್ತಿಕೊಂಡು ಬಂದು, ಒಂದು ಕಿವಿಗೆ ಮಾತ್ರ ಹಚ್ಚಿದ. ಪುರೋಹಿತೆ ಬೆಣ್ಣೆ ಸವರುವ ಚಾಕು ಹಿಡಿದು ಕುತ್ತಿಗೆಯ ಮೇಲಿಟ್ಟಳು. ಒತ್ತಿದಳು.

ನಾನು ಮೆಲ್ಲಗೆ "ಮ್ಯಾ" ಎಂದೆ.

ಚಾಕು ತಟ್ಟೆಗೆ ಬಡಿದು ನೆಲಕ್ಕೆ ಬಿತ್ತು. ಯೋಧ ನನ್ನನ್ನು ಬೈದ, ಆ ಬೈಗುಳ ಇಲ್ಲಿ ಬೇಡ. ಮೂರನೇ ತಟ್ಟೆಯ ಬಟ್ಟೆ ಸರಿಸಿ ಲಿವರನ್ನು ಮುಂದೆ ತಳ್ಳಿದೆ. ನಾಲ್ಕಕ್ಕೆ ಒಂದು, ಇಲ್ಲ. ಅನುಮಾನಕ್ಕೆ ಜಾಗವೇ ಇರಲಿಲ್ಲ, ಆದರೂ ಹಿಟ್ಟಿನ ಮೇಕೆ ಸತ್ಯ ಹೇಳುತ್ತದೆಯೇ ಎಂಬ ವಾದ ಒಂದು ಗಂಟೆಯವರೆಗೆ ನಡೆಯಿತು. ನದಿ ದಾಟಲಿಲ್ಲ. ಬೆಳಗಾಗುವಾಗ ದಡದಲ್ಲಿ ಬೆಂಕಿ ಕಾಯಿಸುತ್ತಾ ಕುಳಿತಿದ್ದರು ಎಂದು ಕಥೆಯನ್ನು ನಿಲ್ಲಿಸುವ ಮೊದಲು, ಕಳ್ಳ ಎಂದಿನಂತೆ ರೊಟ್ಟಿಯಲ್ಲಿ ಅರ್ಧ ಮುರಿದು ಮರಿಗೆ ಚಾಚಿದ.

"ಮರಿ ಹತ್ತಿರ ಬರುವುದಿಲ್ಲ" ಎಂದೆ. "ಹತ್ತು ಹೆಜ್ಜೆ ದೂರದಲ್ಲಿ ನಿಂತಿದೆ. ನಾಲ್ವರನ್ನೂ ನೋಡುತ್ತಿದೆ."

"ಅದನ್ನು ಉಳಿಸಿದವನು ನಾನು" ಎಂದ. ಅವನ ದನಿಯಲ್ಲಿ ನಿಜವಾದ ನೋವಿತ್ತು.

"ಕಿವಿಗೆ ಮೈದಾ ಹಚ್ಚಿದವರು ಯಾರು?"

ಅವನು ಉತ್ತರ ಕೊಡಲಿಲ್ಲ. ದಾಳಗಳನ್ನು ಚೀಲಕ್ಕೆ ತುಂಬಿಕೊಂಡು ಹಾಲ್‌ನಲ್ಲಿ ಚಾಪೆ ಹಾಸಿದ. ತಡವಾದ್ದರಿಂದ ಎಲ್ಲರೂ ಅಲ್ಲೇ ಮಲಗಿದರು. ನಾನು ಹಿಟ್ಟನ್ನೆಲ್ಲ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟೆ, ಎಸೆಯುವುದು ಬೆಳಿಗ್ಗೆ ಎಂದುಕೊಂಡು.

ಭಾನುವಾರ ನಾನು ಏಳುವಷ್ಟರಲ್ಲಿ ಅಮ್ಮ ಎದ್ದು, ಡಬ್ಬಿ ತೆರೆದು, ದ್ರಾಕ್ಷಿ ಲವಂಗ ಕಿತ್ತು ಬಿಸಾಡಿ, ಹಿಟ್ಟು ಮತ್ತೆ ನಾದಿ, ಹದಿನಾಲ್ಕು ಚಪಾತಿ ಮಾಡಿಟ್ಟಿದ್ದಳು. "ಕಲಸಿದ ಹಿಟ್ಟಿನ ಮೇಲೆ ಅದೇನು ಗೀಚಿಟ್ಟಿದ್ದೆ?" ಎಂದಷ್ಟೇ ಕೇಳಿದಳು. ಪುರೋಹಿತೆ ಎರಡು ತಿಂದಳು. ಯೋಧ ಐದು ತಿಂದ. ಕಳ್ಳ ಒಂದನ್ನು ಅರ್ಧ ಮಾಡಿ, ಉಳಿದರ್ಧವನ್ನು ತಟ್ಟೆಯ ಅಂಚಿನಲ್ಲಿಟ್ಟು ಕೈ ತೊಳೆದ. ಮಂತ್ರವಾದಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಹಳ ವಿನಯದಿಂದ, "ಆಂಟಿ, ಉಪ್ಪಿಟ್ಟು ಏನಾದರೂ ಮಾಡಲು ಆಗುತ್ತದೆಯೇ?" ಎಂದು ಕೇಳುತ್ತಿದ್ದ.